ಆರೂವರೆಗೆ ಏರಿ ಇಳಿದ ರಕ್ತ

ಬಾಟಲಿ ಹಚ್ಚುವ ಮೊದಲೇ ಅಂಕಿ ಹೇಳುವುದು ನನ್ನ ರೂಢಿಯಾಗಿತ್ತು. ಯಾರ ಮೈಗೆ ಎಷ್ಟು ರಕ್ತ ಹೋದರೆ ಹಿಮೋಗ್ಲೋಬಿನ್ ಎಷ್ಟಕ್ಕೆ ಏರುತ್ತದೆ ಎಂದು ಮುಂಚೆಯೇ ವಹಿಯಲ್ಲಿ ಬರೆದಿಡುತ್ತಿದ್ದೆ. ಮೂರನೆಯ ದಿನ ಅಳೆದರೆ ಬಹಳ ಸಲ ಅದೇ ಅಂಕಿ ಬರುತ್ತಿತ್ತು. ತಪ್ಪಿದರೂ ಅರ್ಧ ಗ್ರಾಮಿನ ಮೇಲೆ ತಪ್ಪುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಸಿಂದಗಿಯಲ್ಲಿ ಒಬ್ಬ ಡಾಕ್ಟರು ಸ್ವಂತಕ್ಕೆ ನಡೆಸುತ್ತಿದ್ದ ಹತ್ತು ಮಂಚದ ದವಾಖಾನೆಯಲ್ಲಿ ರಕ್ತದ ಕೆಲಸ ನನ್ನದು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡದೆ ಶಾಲೆ ಬಿಟ್ಟವನು ನಾನು. ಬಾಟಲಿ ತೊಳೆಯುವುದರಿಂದ ಹಿಡಿದು ಮೈಕ್ರೋಸ್ಕೋಪಿನವರೆಗೆ ಎಲ್ಲವನ್ನೂ ಕೈಯಿಂದ ಮಾಡಿ ಕಲಿತವನು. ಹಾಗೆಂದು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಡಾಕ್ಟರು ನನ್ನನ್ನು ಜ್ಯೋತಿಷಿ ಎಂದು ಕರೆಯುತ್ತಿದ್ದರು. ಅದು ಚೇಷ್ಟೆಯ ಮಾತೆಂದು ಗೊತ್ತಿದ್ದರೂ ಕಿವಿಗೆ ಹಿತವಾಗಿಯೇ ಕೇಳಿಸುತ್ತಿತ್ತು.

ಜ್ಯೋತಿಷ್ಯವೇನೂ ಅದರಲ್ಲಿ ಇರಲಿಲ್ಲ. ರೋಗಿಯ ತೂಕ, ಮೊದಲಿನ ಹಿಮೋಗ್ಲೋಬಿನ್, ಬಾಟಲಿ ಎಷ್ಟು, ರಕ್ತ ಹೋಗುವುದು ನಿಂತಿದೆಯೋ ಇಲ್ಲವೋ, ಜ್ವರ ಇದೆಯೋ, ಎಡಗಡೆ ಪಕ್ಕೆಯ ಕೆಳಗೆ ಗುಲ್ಮ ಕೈಗೆ ಸಿಗುತ್ತದೋ, ಇಷ್ಟು ನೋಡಿ ಲೆಕ್ಕ ಹಾಕುತ್ತಿದ್ದೆ. ಸಣಕಲು ಮೈಗೆ ಒಂದು ಬಾಟಲಿ ಹೆಚ್ಚು ಏರಿಸುತ್ತದೆ, ದೊಡ್ಡ ಮೈಗೆ ಕಡಿಮೆ. ವಹಿಯಲ್ಲಿ ನನ್ನ ಅಂಕಿಯ ಪಕ್ಕ ನಿಜವಾಗಿ ಬಂದ ಅಂಕಿ, ಕೊನೆಯಲ್ಲಿ 'ಕಾರಣ' ಎಂಬ ಕಾಲಂ. ತಂಗಡಗಿಯಿಂದ ಬಂದ ಒಬ್ಬ ರೈತನಿಗೆ ಎರಡು ಬಾಟಲಿ ಹಾಕಿದರೂ ಅಂಕಿ ನಿಲ್ಲಲಿಲ್ಲ. ಕಾರಣ: ಗುಲ್ಮ ದೊಡ್ಡದು, ರಕ್ತ ತಿನ್ನುತ್ತದೆ. ಇಂಡಿ ಊರಿನ ಕಡೆಯ ಒಬ್ಬ ಮುದುಕನದು ಏರಿ ಇಳಿಯಿತು. ಕಾರಣ: ಮೂಲವ್ಯಾಧಿ, ರಕ್ತ ಇನ್ನೂ ಹೋಗುತ್ತಿದೆ. ತಪ್ಪಿದ ಪ್ರತಿ ಅಂಕಿಗೂ ಕಾರಣ ಬರೆಯದೆ ನಾನು ಬಿಟ್ಟವನಲ್ಲ.

ಆ ಚಳಿಗಾಲ, ಹೊಲಕ್ಕೆ ಚರಗದ ಎಡೆ ಚೆಲ್ಲುವ ಎಳ್ಳಮಾವಾಸ್ಯೆಗೆ ಇನ್ನೂ ಹನ್ನೆರಡು ದಿನ ಇರುವಾಗ, ಒಂದು ಸೋಮವಾರ ಆಲಮೇಲದ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಒಬ್ಬ ಬಾಣಂತಿಯನ್ನು ತಂದರು. ನಾಲ್ಕನೆಯ ಹೆರಿಗೆ. ಕೂಸು ಚೆನ್ನಾಗಿತ್ತು, ಆದರೆ ಕಸ, ಅಂದರೆ ಮಾಸು, ಒಳಗೇ ಉಳಿದು ರಕ್ತ ಹರಿದಿತ್ತು. ಡಾಕ್ಟರು ಕಸ ತೆಗೆದರು, ರಕ್ತ ನಿಂತಿತು. ನಾನು ಬೆರಳಿನಿಂದ ಹನಿ ರಕ್ತ ತೆಗೆದು, ಆಸಿಡ್ಡಿನಲ್ಲಿ ಬೆರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಸರಿಯಾಗುವ ತನಕ ಹನಿಹನಿಯಾಗಿ ನೀರು ಹಾಕಿದೆ. ನಾಲ್ಕು ಗ್ರಾಂ. ಗುಂಪು ಬಿ ಪಾಸಿಟಿವ್. ಗಂಡನದೂ ಮೈದುನನದೂ ಅದೇ ಗುಂಪು.

"ರಗತ ನಾವ ಕೊಡ್ತೇವಿ ತಮ್ಮಾ," ಎಂದಳು ಬಾಣಂತಿಯ ಅತ್ತೆ. "ಸೊಸಿ ನಮ್ಮಾಕಿ. ಇದಕ್ಕ ತವರಿನವರ ಮುಂದ ಕೈ ಒಡ್ಡಿದ್ವಿ ಅಂದ್ರ ನಾಳೆ ಊರಾಗ ತಲಿ ಎತ್ತಾಕ ಆಗೂದಿಲ್ಲ."

"ಇದಕ್ಕಿಂತ ಮೊದಲ ಈಕಿಗೆ ಬಾಟ್ಲಿ ರಕ್ತ ಹಾಕ್ಸಿದ್ರೇನ ಯವ್ವಾ?"

"ಯಾವಾಗ ಹಾಕ್ಸೂನು? ಗಟ್ಟಿ ಹೆಣ್ಣಮಗಳದು. ಇದ ಮೊದಲ ನೋಡು."

'ಹಿಂದೆ ರಕ್ತ: ಇಲ್ಲ' ಎಂದು ಬರೆದುಕೊಂಡೆ. ಸೊಸೆ ಎರಡು ಮೊಳ ದೂರದಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಆಕೆಯನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ನಮ್ಮ ಕಡೆ ಹಾಸಿಗೆ ಹಿಡಿದ ಸೊಸೆಯ ಪರವಾಗಿ ಅತ್ತೆಯೇ ಮಾತಾಡುವುದು. ಎಂಟು ವರ್ಷ ಹಾಗೆಯೇ ಕೇಳಿ ಹಾಗೆಯೇ ಬರೆದಿದ್ದೆ.

ಗಂಡನಿಂದ ಒಂದು ಬಾಟಲಿ ತೆಗೆದೆ. ಹೊಂದುತ್ತದೋ ಇಲ್ಲವೋ ನೋಡಲು ಆಕೆಯ ರಕ್ತದ ತಿಳಿನೀರು, ಸೀರಮ್, ಒಂದು ಹನಿ, ಅವನ ರಕ್ತಕಣ ಉಪ್ಪುನೀರಿನಲ್ಲಿ ಕಲಸಿದ್ದು ಒಂದು ಹನಿ, ಸಣ್ಣ ಕೊಳವೆಯಲ್ಲಿ ಹಾಕಿ ಅರ್ಧ ಗಂಟೆ ಮೇಜಿನ ಮೇಲಿಟ್ಟೆ. ಎಲ್ಲೂ ಗಂಟುಕಟ್ಟಲಿಲ್ಲ. ಬಾಟಲಿ ಹಚ್ಚಿದೆವು. ಮರುದಿನ ಮೈದುನನ ಸರದಿ. ಅವನು ಬೆಂಚಿನ ಮೇಲೆ ಮಲಗಿ ನರ್ಸಬಾಯಿಯನ್ನು ಕೇಳಿದ, "ನನ್ನ ರಗತ ಒಳಗ ಹೋದ ಮ್ಯಾಲೆ ವೈನಿ ನನ್ನ ಬೈಯೂದು ಬಿಡ್ತಾರೇನ್ರಿ?"

"ನಿನ್ನ ರಗತ ಅಂದ ಮ್ಯಾಲೆ ಇನ್ನಷ್ಟ ಜೋರ ಬೈತಾಳ. ಮುಷ್ಟಿ ಬಿಗಿ ಹಿಡಿ, ಮಾತ ಸಾಕು."

ಡಾಕ್ಟರಿಗೆ ಆಕೆಯನ್ನು ವಿಜಾಪುರದ ದೊಡ್ಡ ದವಾಖಾನೆಗೆ ಕಳಿಸುವ ಮನಸ್ಸಿತ್ತು. ನಾನೇ ತಡೆದೆ. ತೂಕ ಕಡಿಮೆ, ರಕ್ತ ನಿಂತಿದೆ, ಗುಲ್ಮ ಬೆಳೆದಿಲ್ಲ, ಎರಡು ಬಾಟಲಿಗೆ ಆರೂವರೆ ಆಗೇ ಆಗುತ್ತದೆ ಎಂದೆ. ಗುರುವಾರ ಅಳೆದರೆ ಆರೂವರೆಯೇ.

"ಮತ್ತ ಗೆದ್ದೆಪಾ ಜ್ಯೋತಿಷಿ," ಎಂದರು ಡಾಕ್ಟರು. ಆ ಉಬ್ಬಿನಲ್ಲಿ ನಾನು ಅತ್ತೆಗೆ, "ಎಳ್ಳಮಾಸಿಗೆ ಚರಗ ಚೆಲ್ಲಾಕ ಸೊಸಿನ್ನ ಹೊಲಕ್ಕ ಕರಕೊಂಡ ಹೋಗೂವಂತಿರಿ ಯವ್ವಾ," ಎಂದೂ ಹೇಳಿಬಿಟ್ಟೆ.

ಮುಂದಿನ ಸೋಮವಾರ ಬೆಳಿಗ್ಗೆ ನರ್ಸಬಾಯಿ ನನ್ನ ಕೋಣೆಯ ಬಾಗಿಲಿಗೆ ಬಂದಳು. ಬಾಣಂತಿಗೆ ಜ್ವರ, ಸೊಂಟನೋವು, ಕಣ್ಣು ಹಳದಿ ಬಿದ್ದಂತಿದೆ ಎಂದಳು. ನಾನು ಹೋಗಿ ರಕ್ತ ಅಳೆದೆ. ನಾಲ್ಕೂಮುಕ್ಕಾಲು.

ಮೊದಲು ನಾನು ನಂಬಿದ್ದು ನನ್ನ ಅಂಕಿಯನ್ನು, ಕೊಳವೆಯನ್ನಲ್ಲ. ಕೊಳವೆ ತೊಳೆದು, ಹೊಸ ಆಸಿಡ್ ಹಾಕಿ, ಇನ್ನೊಮ್ಮೆ ಅಳೆದೆ. ಅಷ್ಟೇ ಬಂತು. ನನ್ನ ಬೆರಳನ್ನೇ ಚುಚ್ಚಿ ನನ್ನ ರಕ್ತ ಅಳೆದೆ. ಅದು ಯಾವಾಗಲೂ ಇರುವಷ್ಟೇ ಇತ್ತು. ಕೊಳವೆಯದು ತಪ್ಪಿಲ್ಲ. ಹಾಗಾದರೆ ಎರಡು ಬಾಟಲಿ ರಕ್ತದಲ್ಲಿ ಬಹುಪಾಲು ಆಕೆಯ ಮೈಯೊಳಗೇ ಎಲ್ಲೋ ಕಾಣೆಯಾಗಿದೆ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಒಳಗೆ ರಕ್ತ ಸೋರುತ್ತಿಲ್ಲ. ಬಟ್ಟೆಗಳಲ್ಲೂ ರಕ್ತ ಹೆಚ್ಚಿಲ್ಲ ಎಂದಳು ನರ್ಸಬಾಯಿ. ಮಲೇರಿಯಾ ಇರಬಹುದೆಂದು ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಮುಕ್ಕಾಲು ಗಂಟೆ ಹುಡುಕಿದೆ. ಒಂದೂ ಸಿಗಲಿಲ್ಲ. ಆದರೆ ಬೇರೊಂದು ಕಂಡಿತು. ಕೆಂಪು ಕಣ ನಡುವೆ ತೆಳ್ಳಗೆ, ಬೆಳ್ಳಗೆ ಇರಬೇಕು. ಇಲ್ಲಿ ಬಹಳಷ್ಟು ಕಣಗಳು ನಡುವಿನ ಬಿಳುಪು ಕಳೆದುಕೊಂಡು ಸಾಸಿವೆಯಂತೆ ಗುಂಡಗೆ, ಗಟ್ಟಿಯಾಗಿ ಕೂತಿದ್ದವು. ಆಕೆಯ ರಕ್ತ ನಿಂತು ತಿಳಿಯಾದ ಕೊಳವೆಯಲ್ಲಿ ಮೇಲಿನ ನೀರು ಕುಸುಬಿ ಎಣ್ಣೆಯ ಬಣ್ಣಕ್ಕೆ ತಿರುಗಿತ್ತು.

"ಮಲೇರಿಯಾ ಇಲ್ಲ ಅಂದ್ರ ಬಾಣಂತಿ ಜ್ವರ ಇರಬೇಕು," ಎಂದರು ಡಾಕ್ಟರು. "ಇಂಜೆಕ್ಷನ್ ಚಾಲೂ ಮಾಡ್ತೇನಿ. ನೀ ಇನ್ನೊಂದ ಬಾಟ್ಲಿ ತಯಾರ ಮಾಡು. ಐದರ ಕೆಳಗ ಇಟಗೊಂಡ ಕೂಡಾಕ ಆಗೂದಿಲ್ಲ."

ಗಂಡನ ಚಿಕ್ಕಪ್ಪನ ಮಗನದೂ ಬಿ ಗುಂಪು. ಅವನಿಂದ ತೆಗೆದೆ. ಮೇಜಿನ ಮೇಲಿನ ಪರೀಕ್ಷೆಯಲ್ಲಿ ಇದೂ ಸ್ವಚ್ಛವಾಗಿ ಹೊಂದಿತು. ಕಂಪೌಂಡರನು ಬಾಟಲಿ ಒಯ್ದು ಸ್ಟ್ಯಾಂಡಿಗೆ ತೂಗುಹಾಕಿದ, ಹಚ್ಚುವುದೊಂದೇ ಬಾಕಿ. ನಿಯಮದ ಪ್ರಕಾರ ನನ್ನ ಕೆಲಸ ಮುಗಿದಿತ್ತು. ವಹಿ ತೆಗೆದು ಮೊದಲಿನ ಎರಡು ಬಾಟಲಿಯ ಮುಂದೆ 'ಕಾರಣ' ಬರೆಯಲು ಕೂತೆ. ರಕ್ತ ಹೋಗುತ್ತಿಲ್ಲ. ಗುಲ್ಮ ಬೆಳೆದಿಲ್ಲ. ಮಲೇರಿಯಾ ಇಲ್ಲ. ಬಾಣಂತಿ ಜ್ವರ ಎಂದು ಬರೆಯಬಹುದಿತ್ತು. ಪೆನ್ನಿನ ತುದಿ ಕಾಗದಕ್ಕೆ ತಾಗಿಯೂ ಇತ್ತು. ಆದರೆ ಆ ಎರಡು ಬಾಟಲಿ ಮೊದಲು ನನ್ನ ಅಂಕಿಯಷ್ಟೇ ಏರಿಸಿದ್ದವು, ಆರು ದಿನ ಬಿಟ್ಟು ಅಂಕಿ ಇಳಿದಿತ್ತು. ಜ್ವರವೊಂದೇ ಆಗಿದ್ದರೆ ಕಣಗಳು ಹೀಗೆ ಗುಂಡಗಾಗುತ್ತಿರಲಿಲ್ಲ.

ನೆಪಕ್ಕೆ ಸೂಜಿ ತೆಗೆದುಕೊಂಡು ಆಕೆಯ ಮಂಚಕ್ಕೆ ಹೋದೆ. ಅತ್ತೆ ಕೂಸಿನ ಬಟ್ಟೆ ಒಗೆಯಲು ಹಿತ್ತಲಿಗೆ ಹೋಗಿದ್ದಳು.

"ತಂಗಿ, ಹಿಂದ ಎಂದರ ನಿಮಗ ಬಾಟ್ಲಿ ರಕ್ತ ಹಾಕಿದ್ರೇನು?"

ಆಕೆ ಹಿತ್ತಲ ಬಾಗಿಲ ಕಡೆ ನೋಡಿದಳು. "ಅತ್ತಿ ಹೇಳ್ಯಾರಲ್ಲರಿ."

"ಅವರು ಹೇಳಿದ್ದು ಬರಕೊಂಡೇನಿ. ಈಗ ನೀವ ಹೇಳ್ರಿ."

ನನ್ನ ಕಡೆ ನೋಡದೆಯೇ ಹೇಳಿದಳು, "ಹ್ವಾದ ಸಲದ ಹೆರಿಗಿ ಸೊಲ್ಲಾಪುರದಾಗ ಆತು. ಆವಾಗ ಒಂದ ಬಾಟ್ಲಿ ಹಾಕಿದ್ರು."

"ಯಾರ ಕೊಟ್ಟಿದ್ರು?"

"ಇವರ ಕೊಟ್ಟಿದ್ರು, ನಮ್ಮ ಮನಿಯವರು." ಸೆರಗು ಬಾಯಿಗೆ ಹಿಡಿದಳು. "ಅತ್ತಿ ಮುಂದ ಅನಬ್ಯಾಡ್ರಿ ಅಣ್ಣಾ. ಎರಡ ಸಲ ರಗತ ಬೇಕಾತು ಅಂದ್ರ ಕೇಳದನ ಆಪರೇಷನ್ ಮಾಡಿ ಕಳಸ್ತಾರ ಅಂತ ಅಂಜ್ಯಾರ. ಅದಕ್ಕ ಮುಚ್ಚ್ಯಾರ."

ಊರಿಗೆ ಸಂತಾನಹರಣ ಆಪರೇಷನ್ನಿನ ಜೀಪು ಬಂದರೆ ಜನ ಜೋಳದ ಹೊಲದೊಳಗೆ ಅಡಗಿ ಕೂಡುತ್ತಿದ್ದ ಕಾಲ ಆಗಷ್ಟೇ ಹಿಂದೆ ಬಿದ್ದಿತ್ತು. ಅತ್ತೆಯ ಅಂಜಿಕೆ ನನಗೆ ತಿಳಿಯದ್ದಲ್ಲ.

ನನ್ನ ಕೋಣೆಗೆ ಮರಳುವಷ್ಟರಲ್ಲಿ ಒಂದು ಹಳೆಯ ಪಾಠ ನೆನಪಾಯಿತು. ಹಿಂದೆ ವಿಜಾಪುರದಲ್ಲಿ ಹದಿನೈದು ದಿನ ಕಲಿಯಲು ಹೋಗಿದ್ದಾಗ ಅಲ್ಲಿನ ವಯಸ್ಸಾದ ಟೆಕ್ನಿಷಿಯನ್ ಹೇಳಿಕೊಟ್ಟಿದ್ದರು: ಒಮ್ಮೆ ಮೈಗೆ ಹೋದ ಬೇರೆಯವರ ರಕ್ತವನ್ನು ಮೈ ಗುರುತಿಟ್ಟುಕೊಳ್ಳುತ್ತದೆ. ಬಸಿರಲ್ಲೂ ಹಾಗೆಯೇ, ಕೂಸಿನ ಮೂಲಕ ತಂದೆಯ ರಕ್ತದ ಗುಣ ತಾಯಿಗೆ ತಾಗುತ್ತದೆ. ಎರಡನೇ ಸಲ ಅದೇ ರಕ್ತ ಬಂದರೆ ಮೈ ನಾಲ್ಕಾರು ದಿನ ಸುಮ್ಮನಿದ್ದು, ಆಮೇಲೆ ಅದನ್ನು ಒಡೆಯತೊಡಗುತ್ತದೆ. ಇದು ತಣ್ಣನೆಯ ಮೇಜಿನ ಮೇಲೆ ಕಾಣುವುದಿಲ್ಲ. ಆಲ್ಬುಮಿನ್ ಒಂದು ಹನಿ ಸೇರಿಸಿ ಒಂದು ಗಂಟೆ ಮೈಯ ಕಾವಿನಲ್ಲಿ ಇಡಬೇಕು.

ನನಗೆ ಆ ಪರೀಕ್ಷೆ ಬರುತ್ತಿತ್ತು. ಮೊದಲ ಒಂದು ವರ್ಷ ತಪ್ಪದೆ ಮಾಡಿದ್ದೆ. ಅಂಕಿಗಳು ಸರಿ ಬರತೊಡಗಿದ ಮೇಲೆ, ಒಂದು ಗಂಟೆ ಏಕೆ ದಂಡ ಎಂದು ಬಿಟ್ಟಿದ್ದೆ. ಬಿಡು ಎಂದು ನನಗೆ ಯಾರೂ ಹೇಳಿರಲಿಲ್ಲ.

ಚಹದ ಥರ್ಮಾಸ್ ತೊಳೆದು, ಅದರಲ್ಲಿ ಬಿಸಿನೀರು ತಣ್ಣೀರು ಬೆರೆಸಿ, ಥರ್ಮಾಮೀಟರ್ ಇಳಿಬಿಟ್ಟು ಮೂವತ್ತೇಳಕ್ಕೆ ತಂದೆ. ಗಂಡ, ಮೈದುನ, ಚಿಕ್ಕಪ್ಪನ ಮಗ, ಮೂವರ ಕಣಗಳಿಗೆ ಮೂರು ಕೊಳವೆ, ಆಕೆಯ ಸೀರಮ್, ಆಲ್ಬುಮಿನ್. ಹೋಲಿಸಿ ನೋಡಲು ಸೀರಮ್ ಇಲ್ಲದೆ ಬರೀ ಉಪ್ಪುನೀರು ಹಾಕಿದ ನಾಲ್ಕನೆಯದು. ಬಾಗಿಲಿಗೆ ಬಂದು ಕಂಪೌಂಡರನಿಗೆ, ನಾನು ಹೇಳುವ ತನಕ ಬಾಟಲಿ ಹಚ್ಚಬೇಡ ಎಂದೆ. ಅವನು ಹೋಗಿ ಡಾಕ್ಟರಿಗೆ ಹೇಳಿದ. ಮುಕ್ಕಾಲು ಗಂಟೆಗೆ ಡಾಕ್ಟರು ಬಂದರು.

"ಯಾರ ತಡಿ ಅಂದಾರು?"

"ನಾ ಅಂದೇನ್ರಿ ಸಾಹೇಬ್ರ."

"ನಾಡಿ ನೂರಾ ಇಪ್ಪತ್ತ ಓಡಾಕತ್ತೇತಿ. ಬಾಟ್ಲಿ ತೂಗಾಡಾಕತ್ತೇತಿ. ನೀ ಇಲ್ಲಿ ಥರ್ಮಾಸ್ ಹಿಡಕೊಂಡ ಕೂತಿ. ಸಾಲಿ ಬಿಟ್ಟಾಂವ ನನಗ ಡಾಕ್ಟರಕಿ ಕಲಸ್ತಿಯೇನು?"

ಆ ಮಾತು ನಾಟಿತು. ಬೇರೆ ದಿನವಾಗಿದ್ದರೆ ಕೆಲಸ ಬಿಟ್ಟು ಹೊರಗೆ ನಡೆಯುತ್ತಿದ್ದೆ. "ಓದಿದಾವ್ರು ನೀವ್ರಿ. ಕಾಲ ಗಂಟಿ ಕೊಡ್ರಿ. ನಂದು ತಪ್ಪಿದ್ರ ನಾನ ಸೂಜಿ ಚುಚ್ತೇನಿ, ನಾಳಿಂದ ಮತ್ತ ಬಾಟ್ಲಿ ತೊಳಿತೇನಿ," ಎಂದೆ. ಸೊಲ್ಲಾಪುರದ ಬಾಟಲಿಯ ವಿಷಯವನ್ನೂ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಗಡಿಯಾರ ನೋಡುತ್ತ ಕೂತರು.

ಗಂಟೆ ತುಂಬಿತು. ಕೈಯಿಂದ ತಿರುಗಿಸುವ ಯಂತ್ರದಲ್ಲಿ ಕೊಳವೆಗಳನ್ನು ತಿರುಗಿಸಿದೆ. ಮೊದಲು ಉಪ್ಪುನೀರಿನ ಕೊಳವೆಯನ್ನು ಮೆಲ್ಲಗೆ ವಾಲಿಸಿದೆ. ತಳದ ಕೆಂಪು ಊದಿನಕಡ್ಡಿಯ ಹೊಗೆಯಂತೆ ಎದ್ದು ನೀರಿನಲ್ಲಿ ಹರಡಿತು. ಗಂಡನ ಕೊಳವೆ ವಾಲಿಸಿದೆ. ಹೊಗೆ ಏಳಲಿಲ್ಲ; ರವೆಯ ಹರಳುಗಳಂತೆ ಕೆಂಪು ಚೂರುಗಳು ಎದ್ದವು. ಮೈದುನನದು ಹಾಗೆಯೇ. ಸ್ಟ್ಯಾಂಡಿಗೆ ತೂಗುಹಾಕಿದ್ದ ಬಾಟಲಿಯದೂ ಹಾಗೆಯೇ.

ಡಾಕ್ಟರು ನನ್ನ ಕೈಯಿಂದ ಕೊಳವೆ ತೆಗೆದುಕೊಂಡು ತಾವೇ ವಾಲಿಸಿ ನೋಡಿದರು. ಮೈಕ್ರೋಸ್ಕೋಪಿನಲ್ಲೂ ನೋಡಿದರು. ಎದ್ದುಹೋಗಿ ಸ್ಟ್ಯಾಂಡಿನಿಂದ ಬಾಟಲಿಯನ್ನು ತಮ್ಮ ಕೈಯಾರೆ ಇಳಿಸಿದರು.

ಈಗ ಆಕೆಗೆ ರಕ್ತ ಎಲ್ಲಿಂದ? ವಿಜಾಪುರದ ತನಕ ಆ ರಸ್ತೆಯಲ್ಲಿ ಕುಲುಕಾಡಿಸಿ ಒಯ್ಯುವ ಸ್ಥಿತಿ ಅದಲ್ಲ. ಒಡಹುಟ್ಟಿದವರಲ್ಲಿ ಹೊಂದುವ ರಕ್ತ ಸಿಗುವ ಆಸೆ ಹೆಚ್ಚು ಎಂದೆ. ಡಾಕ್ಟರು ಅತ್ತೆಯನ್ನು ಕರೆಸಿ, "ನಿಮ್ಮ ಮನಿ ರಗತ ಆಕಿಗೆ ಆಗಿ ಬರವಲ್ದು. ತವರಿನವರನ್ನ ಕರಸ್ರಿ," ಎಂದರು.

"ನಮ್ಮ ರಗತಕ್ಕ ಏನ ಆಗೇತ್ರಿ? ಅದ ರಗತಕ್ಕ ನಾಕ ಮಕ್ಕಳ ಹಡದಾಳ."

"ಅದಕ್ಕ ಆಗೇತಿ ಯವ್ವಾ," ಎಂದೆ ನಾನು. "ಸೊಲ್ಲಾಪುರದ್ದೂ ಗೊತ್ತಾಗೇತಿ. ಯಾರೂ ನಿಮಗ ಬೈಯೂದಿಲ್ಲ."

ಆಕೆ ಸೊಸೆಯ ಮಂಚದತ್ತ ತಿರುಗಿ ನೋಡಿದ ನೋಟ ನನಗೆ ಹಿಡಿಸಲಿಲ್ಲ. ಡಾಕ್ಟರು ನಡುವೆ ಬಂದರು. "ಆಪರೇಷನ್ ಅಂಜಿಕಿ ಬಿಡ್ರಿ. ಆಕಿ ಬಾಯಿಬಿಟ್ಟ ಕೇಳೂತನಾ ನಾ ಚಾಕು ಮುಟ್ಟೂದಿಲ್ಲ. ಆಕಿ ಉಳೀಬೇಕೋ ಬ್ಯಾಡೋ ಅಷ್ಟ ಹೇಳ್ರಿ."

ಅತ್ತೆ ಗೋಡೆಗೆ ಕೈ ಆನಿಸಿ ನಿಂತಳು. "ಗೊಳಸಂಗಿ ಅವರ ಊರು," ಎಂದಳು ಕಡೆಗೆ.

ನಾನು ಒಂದು ಚೀಟಿ ಬರೆದು ಬಾಗೇವಾಡಿ ಬಸ್ಸಿನ ಕಂಡಕ್ಟರನ ಕೈಯಲ್ಲಿಟ್ಟೆ. ಅವನು ಬಸವನ ಬಾಗೇವಾಡಿಯಲ್ಲಿ ಗೊಳಸಂಗಿ ಬಸ್ಸಿನವನಿಗೆ ದಾಟಿಸುತ್ತಾನೆ. ಆಗ ಟಪಾಲಿಗಿಂತ ಅದೇ ಬೇಗ. 'ನಿಮ್ಮ ಹುಡುಗಿ ಜೀವದಿಂದಿದ್ದಾಳೆ. ರಕ್ತ ಬೇಕು. ಒಡಹುಟ್ಟಿದವರೆಲ್ಲ ನಾಳೆ ಮೊದಲ ಬಸ್ಸಿಗೆ ಬರ್ರಿ. ಉಂಡು ಬರ್ರಿ' ಎಂದು ಬರೆದಿದ್ದೆ.

ಮಂಗಳವಾರ ಬೆಳಿಗ್ಗೆ ಅಳೆದರೆ ನಾಲ್ಕೂಕಾಲು. ಆಕೆ ಮಾತಾಡುವಾಗ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು. ಹನ್ನೊಂದರ ಹೊತ್ತಿಗೆ ಅಣ್ಣ, ಅಕ್ಕ ಇಬ್ಬರೂ ಬಂದಿಳಿದರು. ಅಣ್ಣ ಬಂದವನೇ ಅಂಗಿಯ ತೋಳು ಮಡಚಿ ಬೆಂಚಿನ ಮೇಲೆ ಕೂತ. ಬಿ ಗುಂಪು. ಕಣ ತೆಗೆದು ಥರ್ಮಾಸಿಗೆ ಇಳಿಬಿಟ್ಟೆ. ಆ ಒಂದು ಗಂಟೆಯಲ್ಲಿ ಅವನು ನನ್ನ ಕೋಣೆಗೆ ಆರು ಸಲ ಬಂದು ಹೋದ. ಕೊಳವೆ ವಾಲಿಸಿದಾಗ ಪಕ್ಕದಲ್ಲೇ ನಿಂತಿದ್ದ. ರವೆಯಂಥ ಚೂರುಗಳೇ ಎದ್ದವು.

"ಇನ್ನೊಮ್ಮೆ ನೋಡ್ರಿ," ಎಂದ.

"ಇನ್ನ ಹತ್ತ ಸಲ ನೋಡಿದ್ರೂ ಅಷ್ಟರಿ."

"ಒಂದ ತಾಯಿ ಹೊಟ್ಯಾಗ ಹುಟ್ಟೇವಿ," ಎಂದು ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಹೊರಗೆ ಅಕ್ಕ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೊಲದ ಕೆಲಸ ಮಾಡಿ ಗಟ್ಟಿಯಾದ ಮೈ. ಬೆಳಗಿನಿಂದ ಆಕೆಯ ಬೆರಳನ್ನು ಯಾರೂ ಚುಚ್ಚಿರಲಿಲ್ಲ, ನಾನೂ ಚುಚ್ಚಿರಲಿಲ್ಲ. ನಮ್ಮ ದವಾಖಾನೆಯಲ್ಲಿ ಆ ತನಕ ಹೆಂಗಸಿನಿಂದ ರಕ್ತ ತೆಗೆದದ್ದೇ ಇಲ್ಲ. 'ಒಡಹುಟ್ಟಿದವರೆಲ್ಲ' ಎಂದು ಬರೆದವನೇ ನಾನು. ಬರೆಯುವಾಗ ಮನಸ್ಸಿನಲ್ಲಿ ಇದ್ದವರು ಗಂಡಸರು.

"ಅಕ್ಕಾರ, ಬೆರಳ ಕೊಡ್ರಿ," ಎಂದೆ.

ಅತ್ತೆ ತಡೆದಳು. "ಹೆಂಗಸರ ರಗತ ತಗೀತಾರೇನ ತಮ್ಮಾ? ಮದಲ ತಿಂಗಳಾ ತಿಂಗಳಾ ಹೋಗೂದು."

"ಗಂಡಸರದು ಮೂರ ಬಾಟ್ಲಿ ನೋಡಿದ್ವಲ್ಲ ಯವ್ವಾ," ಎಂದಳು ಅಕ್ಕ, ಬೆರಳು ನನ್ನತ್ತ ಚಾಚುತ್ತ. "ಈಗ ಒಂದ ನಂದೂ ನೋಡೂಣು."

ಬಿ ಗುಂಪು. ಹಿಮೋಗ್ಲೋಬಿನ್ ಹನ್ನೊಂದೂವರೆ. ಮತ್ತೆ ಥರ್ಮಾಸು, ಮತ್ತೆ ಒಂದು ಗಂಟೆ. ನೀರು ಆರದಂತೆ ಎರಡು ಸಲ ಬಿಸಿನೀರು ಬೆರೆಸಿದೆ. ಕೊಳವೆ ವಾಲಿಸುವಾಗ ಕೈ ನಡುಗಿದರೆ ಇಲ್ಲದ ಚೂರು ಕಂಡೀತು, ಇರುವ ಚೂರು ಒಡೆದೀತು. ಮೊಳಕೈಯನ್ನು ಮೇಜಿಗೆ ಒತ್ತಿ ಹಿಡಿದು ವಾಲಿಸಿದೆ.

ಹೊಗೆ ಎದ್ದಿತು. ತಳದಿಂದ ಮೇಲಿನವರೆಗೆ, ಒಂದೇ ಎಳೆಯಾಗಿ.

ಎರಡನೇ ಕೊಳವೆಯನ್ನೂ ಇಟ್ಟಿದ್ದೆ. ಅದೂ ಹಾಗೆಯೇ. ಡಾಕ್ಟರು ಮೈಕ್ರೋಸ್ಕೋಪಿನಿಂದ ತಲೆ ಎತ್ತಿ, "ತಗಿ," ಎಂದರು. ಬಾಟಲಿಗೆ ರಕ್ತ ಇಳಿಯುವುದನ್ನು ಅಕ್ಕ ಕಣ್ಣು ಮುಚ್ಚದೆ ನೋಡುತ್ತಿದ್ದಳು. "ಎಮ್ಮಿ ಹಿಂಡಿಧಂಗ ಐತಿ," ಎಂದಳು. "ಸ್ವಲ್ಪ ಕರಕ್ಕ ಬಿಟ್ಟ ಹಿಂಡ್ರಪಾ, ಮನ್ಯಾಗ ನನಗೂ ಮಕ್ಕಳದಾವು."

ಹನಿ ನಿಧಾನ ಬಿಟ್ಟೆವು. ಮೊದಲ ಅರ್ಧ ಗಂಟೆ ನಾನು ಮಂಚದ ಪಕ್ಕದಿಂದ ಏಳಲಿಲ್ಲ. ಚಳಿ ಬರಲಿಲ್ಲ, ಸೊಂಟ ಹಿಡಿಯಲಿಲ್ಲ. ಡಾಕ್ಟರು ಬಂದು ನಿಂತು ಕೇಳಿದರು, "ಎಷ್ಟಕ್ಕ ಏರತೈತಿ?"

ಹಳೆಯ ಲೆಕ್ಕದಲ್ಲಿ ಐದೂಕಾಲರ ಮೇಲೆ ಹೇಳಬೇಕಿತ್ತು. ಆದರೆ ಗಂಡನ ಮನೆಯ ರಕ್ತ ಆಕೆಯಲ್ಲಿ ಉಳಿದದ್ದು ಇನ್ನೂ ಒಡೆಯುತ್ತಲೇ ಇರುತ್ತದೆ, ಅದನ್ನು ಕಳೆಯಬೇಕು. "ಐದು," ಎಂದೆ. "ಆದರ ಈ ಸಲ ಮೂರನೇ ದಿನಕ್ಕ ಗೆದ್ದೆ ಅನಬ್ಯಾಡ್ರಿ. ಹತ್ತನೇ ದಿನಾನೂ ಅಳಿತೇನಿ." ಆ ಅಂಕಿಯನ್ನು ಪೆನ್ಸಿಲಿನಲ್ಲಿ ಬರೆದೆ.

ಶುಕ್ರವಾರ ಐದು ಬಂತು. ಜ್ವರ ಇಳಿದಿತ್ತು. ಆ ಬಾಟಲಿಯ ಹತ್ತನೆಯ ದಿನ ಐದೂಮುಕ್ಕಾಲು, ಕಣ್ಣಿನ ಹಳದಿ ಹೋಗಿತ್ತು. ನಡುವೆ ಎಳ್ಳಮಾವಾಸ್ಯೆ ಆಗಿಹೋಗಿತ್ತು. ಸೊಸೆ ಮಂಚದ ಮೇಲೇ ಇದ್ದಳು; ಅತ್ತೆ ಒಬ್ಬಳೇ ಊರಿಗೆ ಹೋಗಿ ಚರಗ ಚೆಲ್ಲಿ, ಸಜ್ಜೆ ಕಡುಬು, ಭಜ್ಜಿ ಪಲ್ಯದ ಬುಟ್ಟಿ ಹೊತ್ತು ತಿರುಗಿ ಬಂದಿದ್ದಳು. ನನಗೂ ಒಂದು ಎಲೆಯಲ್ಲಿ ಬಡಿಸಿಕೊಟ್ಟು, "ನೀ ಹೇಳಿದ ದಿನಾ ತಪ್ಪಿತಲ್ಲೋ ಜ್ಯೋತಿಷಿ," ಎಂದಳು. ನಾನು ಕಡುಬು ಮುರಿದೆ.

ಅವರು ಹೊರಡುವ ದಿನ ವಹಿ ತೆಗೆದೆ. ಮೊದಲಿನ ಎರಡು ಬಾಟಲಿಯ ಮುಂದಿನ ಕಾಲಂ ಇನ್ನೂ ಖಾಲಿ ಇತ್ತು. 'ಕಾರಣ: ಆಕೆಯನ್ನು ಕೇಳಲಿಲ್ಲ. ಬಿಸಿನೀರಿನ ಪರೀಕ್ಷೆ ಮಾಡಲಿಲ್ಲ' ಎಂದು ಬರೆದೆ, ಪೆನ್ನಿನಲ್ಲಿಯೇ. ಬೇರೊಂದು ಚೀಟಿಯಲ್ಲಿ ಆಕೆಯ ಗುಂಪು, ಗಂಡನ ಮನೆಯ ರಕ್ತ ಹಾಕಬಾರದು, ಅಣ್ಣನದು ಬಾರದು, ಅಕ್ಕನದು ಹೊಂದಿತು, ಯಾರದಾದರೂ ಮೈಯ ಕಾವಿನಲ್ಲಿ ನೋಡಿಯೇ ಹಾಕಬೇಕು ಎಂದು ಬರೆದು ಡಾಕ್ಟರ ಸಹಿ ಹಾಕಿಸಿದೆ.

ಟ್ರ್ಯಾಕ್ಟರ್ ಬಾಗಿಲಿಗೆ ಬಂದು ನಿಂತಿತ್ತು. ಆಕೆ ಕೂಸನ್ನು ಎತ್ತಿಕೊಂಡು ತಾನೇ ನಡೆದು ಬಂದಳು. ಚೀಟಿಗಾಗಿ ಅತ್ತೆ ಕೈ ಚಾಚಿದಳು.

"ಆಕಿಗಿ ಕೊಡ್ತೇನ್ರಿ ಯವ್ವಾ," ಎಂದೆ. ಅದರಲ್ಲಿ ಏನಿದೆ ಎಂಬುದನ್ನು ಎರಡು ಸಲ ಓದಿ ಹೇಳಿದೆ. ಸೊಸೆ ಬಾಯಿಪಾಠ ಒಪ್ಪಿಸುವಂತೆ ನನಗೇ ತಿರುಗಿ ಹೇಳಿದಳು, ಒಂದೂ ತಪ್ಪಲಿಲ್ಲ. ಆಮೇಲೆ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಚೀಟಿ ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.